ಹತ್ತಿಗೆಂದು ಹಚ್ಚಿದ ದೀಪ

ಬೆಳಗಾವಿಗೆ ಸಮುದ್ರವಿಲ್ಲವೆಂಬುದು ಭೂಪಟವನ್ನು ಬಲ್ಲವರೆಲ್ಲರೂ ಒಪ್ಪುವ ಮಾತು. ಆದರೆ ಆಷಾಢದ ಒಂದು ಮುಂಜಾನೆ ಖಾನಾಪುರವನ್ನು ಹಿಂದೆ ಬಿಟ್ಟು ಕಣಕುಂಬಿಗೆ ಬಂದು, ಮಾವುಲಿ ದೇವಸ್ಥಾನದ ಬಳಿಯ ಮಲಪ್ರಭೆಯ ಉಗಮಕುಂಡದೆದುರು ಕಂಬಳಿಯ ಕೊಪ್ಪೆ ಹೊದ್ದು ನಿಂತವನಿಗೆ ಆ ಮಾತು ಅಷ್ಟೇನೂ ನಿಸ್ಸಂದಿಗ್ಧವಾಗಿ ತೋರಲಾರದು. ಆ ಕುಂಡದಲ್ಲಿ ಬಿದ್ದ ಹನಿ ಪೂರ್ವಾಭಿಮುಖವಾಗಿ ಮುನ್ನೂರು ಕಿಲೋಮೀಟರುಗಳಷ್ಟು ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಯ ಪಾಲಾಗುತ್ತದೆ. ಅದೇ ಊರಿನ ಕಳಸಾ ಹಳ್ಳಕ್ಕೆ ಬಿದ್ದ ಹನಿಯಾದರೋ ಮಹಾದಾಯಿಯನ್ನು ಕೂಡಿಕೊಂಡು, ಗೋವೆಯಲ್ಲಿ ಮಾಂಡವಿಯೆಂದು ಹೆಸರು ಬದಲಿಸಿ, ಪಣಜಿಯ ಮುಂದೆ ಅರಬ್ಬೀ ಸಮುದ್ರವನ್ನು ಕಾಣುತ್ತದೆ. ಇನ್ನು ಖಾನಾಪುರ ತಾಲೂಕಿನ ದಕ್ಷಿಣದಂಚಿಗೆ, ಲೋಂಡಾದ ದಟ್ಟ ಅಡವಿಗೆ ಸುರಿದ ಮಳೆ ಪಾಂಡರಿ ಹೊಳೆಯಾಗಿ ಸೂಪಾದ ಬಳಿ ಕಾಳಿಯನ್ನು ಹೊಕ್ಕು ಕಾರವಾರದಲ್ಲಿ ಕಡಲಿಗಿಳಿಯುತ್ತದೆ. ಒಂದೇ ತಾಲೂಕಿನ ಮಳೆಗೆ ಮೂರು ಬಾಗಿಲು. ಅವುಗಳಲ್ಲಿ ಪಶ್ಚಿಮದ ಎರಡು ಬಾಗಿಲುಗಳ ಮುಂದೆಯೂ ಒಂದೊಂದು ದೀಪವನ್ನು ಹಿರಿಯರು ಹಚ್ಚಿಟ್ಟಿದ್ದಾರೆ; ವಿಚಿತ್ರವೆಂದರೆ ಎರಡನ್ನೂ ಒಂದೇ ವರ್ಷದಲ್ಲಿ, 1864ರಲ್ಲಿ, ಒಬ್ಬರನ್ನೊಬ್ಬರು ಕೇಳದ ಎರಡು ಸರಕಾರಗಳು ಹಚ್ಚಿದುವು.

ಪೋರ್ತುಗೀಜರು ಅಗ್ವಾದ ಕೋಟೆಯ ಮೇಲೆ ಕಟ್ಟಿದ ದೀಪಸ್ತಂಭ ಪ್ರವಾಸಿಗರ ಕೃಪೆಯಿಂದ ಲೋಕವಿಖ್ಯಾತವಾಗಿದೆ. ಕೋಟೆ 1612ರದು, ಅದರ ದೀಪವನ್ನು 1976ರಲ್ಲಿಯೇ ಆರಿಸಿ, ಆ ಕೆಲಸವನ್ನು ಹೊಸ ದೀಪಕ್ಕೆ ವಹಿಸಲಾಯಿತು. ಅದರ ಕುರಿತು ಬರೆದವರು ಬೇಕಾದಷ್ಟು ಮಂದಿ ಇರುವುದರಿಂದ ನಾನು ಅದನ್ನು ಅಷ್ಟಕ್ಕೇ ಬಿಡುತ್ತೇನೆ. ನಾನು ಹೇಳಬೇಕೆಂದಿರುವುದು ಮತ್ತೊಂದರ ಮಾತು: ಕಾರವಾರದ ಕೊಲ್ಲಿಯ ಎದುರಿಗೆ, ದೋಣಿಯಲ್ಲಿ ಕುಳಿತರೆ ಕೆಲವೇ ಮೈಲಿಗಳ ದೂರದಲ್ಲಿ, ಹಸಿರು ಹೊದ್ದ ಪುಟ್ಟ ನಡುಗಡ್ಡೆಯೊಂದರ ನೆತ್ತಿಯ ಮೇಲೆ ನಿಂತಿರುವ ಕಲ್ಲಿನ ಗೋಪುರ. ಆ ನಡುಗಡ್ಡೆಗೆ ನಮ್ಮವರು ದೇವಗಡವೆನ್ನುತ್ತಾರೆ. ನಾವಿಕರ ನಕ್ಷೆಗಳಲ್ಲಿ ಅದು ಆಯ್‌ಸ್ಟರ್ ರಾಕ್, ಎಂದರೆ ಸಿಂಪಿಬಂಡೆ. ಒಂದೇ ಕಲ್ಲನ್ನು ದಡದವರು ದೇವರ ಹೆಸರಿನಿಂದಲೂ ಹಡಗಿನವರು ಚಿಪ್ಪಿನ ಹೆಸರಿನಿಂದಲೂ ಕರೆದರೆಂಬುದು ನನಗೆ ತಕ್ಕುದಾಗಿಯೇ ತೋರುತ್ತದೆ, ಏಕೆಂದರೆ ದಡದವನು ಬಂಡೆಯನ್ನು ನೋಡುವುದು ದೂರದಿಂದ, ನಾವಿಕನಾದರೋ ಅದಕ್ಕೆ ತಾಗಿ ಹಾಳಾಗಬಹುದಾದ ಹತ್ತಿರದಿಂದ.

ಘಟ್ಟದ ಮೇಲಿನ ನಮಗೂ ಆ ದೀಪಕ್ಕೂ ಏನು ಸಂಬಂಧವೆಂದು ಓದುಗರು ಕೇಳುವುದು ನ್ಯಾಯವೇ. ಸಂಬಂಧ ಹತ್ತಿಯದು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಬೈಲಹೊಂಗಲ ಸವದತ್ತಿಗಳಿಂದ ಹಿಡಿದು ನವಲಗುಂದ ಗದಗುಗಳವರೆಗೆ ಹಬ್ಬಿದ ಎರೆಭೂಮಿಯಲ್ಲಿ ಬೆಳೆದ ಹತ್ತಿ ಮುಂಬಯಿಗೆ ಹೋಗಬೇಕಾದರೆ ಮೊದಲು ಘಟ್ಟವಿಳಿದು ಯಾವುದಾದರೊಂದು ಬಂದರನ್ನು ಮುಟ್ಟಬೇಕಾಗಿದ್ದಿತು. ಬೆಳಗಾವಿಗೆ ರೂಢಿಯ ಬಂದರು ವೆಂಗುರ್ಲೆ. 1812ರಲ್ಲಿ ಸಾವಂತವಾಡಿಯವರಿಂದ ಇಂಗ್ಲಿಷರ ಕೈಸೇರಿದ ಆ ಊರು ಬೆಳಗಾವಿಯ ದಂಡಿಗೆ ಕಡಲ ಹೆಬ್ಬಾಗಿಲಾಗಿ, ಪಲ್ಟಣಗಳೂ ಉಪ್ಪೂ ತೆಂಗೂ ಮೇಲಕ್ಕೆ ಬರುವುದಕ್ಕೆ, ಹತ್ತಿಯೂ ಧಾನ್ಯವೂ ಕೆಳಕ್ಕೆ ಇಳಿಯುವುದಕ್ಕೆ ದಾರಿಯಾಗಿದ್ದಿತು. ಲಂಬಾಣಿಗರ ಹೇರೆತ್ತುಗಳ ಬೆನ್ನ ಮೇಲೆ, ರಸ್ತೆ ಸುಧಾರಿಸಿದ ಮೇಲೆ ಚಕ್ಕಡಿಗಳಲ್ಲಿ, ಹತ್ತಿಯ ಅಂಡಿಗೆಗಳು ವಾರಗಟ್ಟಲೆ ಪಯಣ ಮಾಡುತ್ತಿದ್ದುವು. ದಾರಿಯ ಧೂಳು ತಿಂದು, ಅಕಾಲದ ಮಳೆಗೆ ನೆನೆದು, ಬಂದರವನ್ನು ಮುಟ್ಟುವ ವೇಳೆಗೆ ಹೊಲದಲ್ಲಿದ್ದ ಬಿಳುಪು ಅವುಗಳಲ್ಲಿ ಉಳಿಯುವುದು ಅಪರೂಪವಾಗಿದ್ದಿತು.

ಇಂಥ ಸಮಯದಲ್ಲಿ, 1861ರಲ್ಲಿ, ಅಮೆರಿಕೆಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಬಂದರುಗಳನ್ನು ಉತ್ತರದ ನೌಕಾಪಡೆ ಮುಚ್ಚಿಬಿಟ್ಟುದರಿಂದ ಲ್ಯಾಂಕಾಶೈರಿನ ಗಿರಣಿಗಳಿಗೆ ಕಚ್ಚಾಹತ್ತಿಯ ಬರ ಬಂದು, ಮ್ಯಾಂಚೆಸ್ಟರಿನ ಧನಿಕರ ಕಣ್ಣು ಏಕಾಏಕಿ ನಮ್ಮ ಎರೆಹೊಲಗಳ ಮೇಲೆ ಬಿದ್ದಿತು. ಧಾರವಾಡದ ಸೀಮೆಗೆ ಸಮೀಪದ ಒಳ್ಳೆಯ ಬಂದರು ಕಾಳೀನದಿಯ ಮುಖದಲ್ಲಿರುವುದು. ಆದರೆ ಕನ್ನಡ ಜಿಲ್ಲೆಯು ಆಗ ಮದ್ರಾಸಿನ ಆಡಳಿತದಲ್ಲಿದ್ದಿತು, ಹತ್ತಿಯ ಸೀಮೆ ಮುಂಬಯಿಯದು, ಮದ್ರಾಸಿನವರಿಗೆ ಮುಂಬಯಿಯ ಹತ್ತಿಗಾಗಿ ರಸ್ತೆ ಕಡಿಯುವ ಉತ್ಸಾಹವೆಲ್ಲಿಂದ ಬರಬೇಕು? ಹತ್ತಿಯ ವರ್ತಕರ ಒತ್ತಾಯ ಎಷ್ಟು ಬಲವಾಗಿದ್ದಿತೆಂದರೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕತ್ತರಿಸಿ ಮುಂಬಯಿ ಪ್ರಾಂತಕ್ಕೆ ಹೊಲಿಯಲಾಯಿತು. ಬೆಳಗಾವಿ, ಧಾರವಾಡ, ಕಾರವಾರಗಳು ಒಂದೇ ಪ್ರಾಂತದಲ್ಲಿ ಒಡಹುಟ್ಟಿದವುಗಳಂತೆ 1956ರವರೆಗೆ ಇದ್ದುದಕ್ಕೂ, ನಮ್ಮ ಹಿರಿಯರ ಕಾಗದಪತ್ರ ಶಾಲೆ ಕಚೇರಿಗಳಲ್ಲಿ ಇಂದಿಗೂ ಮುಂಬಯಿಯ ವಾಸನೆ ಉಳಿದಿರುವುದಕ್ಕೂ ಕಾರಣಗಳನ್ನು ಹುಡುಕುವವರು ಈ ಹತ್ತಿಯ ಎಳೆಯನ್ನು ಮರೆಯಬಾರದು.

ಈ ಗಡಿಬಿಡಿಯಲ್ಲಿ ನಡೆದ ಒಂದು ಪ್ರಸಂಗವು ನಗೆಯನ್ನೂ ಮರುಕವನ್ನೂ ಒಟ್ಟಿಗೆ ಹುಟ್ಟಿಸುತ್ತದೆ. ಮ್ಯಾಂಚೆಸ್ಟರ್ ಕಾಟನ್ ಕಂಪನಿಯೆಂಬ ಸಂಸ್ಥೆ ಹತ್ತಿಯನ್ನು ಅರೆದು ಒತ್ತುವ ಯಂತ್ರಗಳನ್ನು ಹಡಗಿಗೇರಿಸಿ, ಕಾಳಿಯ ಬಲದಂಡೆಯಲ್ಲಿ ಕೋಟೆಯ ಗುಡ್ಡವನ್ನು ಬೆನ್ನಿಗಿಟ್ಟುಕೊಂಡಿರುವ ಸದಾಶಿವಗಡಕ್ಕೆ ಕಳುಹಿಸಿತು. ಬಂದು ನೋಡಿದರೆ ಯಂತ್ರವನ್ನಿಳಿಸಲು ಧಕ್ಕೆಯಿಲ್ಲ, ಇಳಿಸಿದರೂ ಘಟ್ಟ ಹತ್ತಿಸಲು ಪೂರ್ತಿಯಾದ ರಸ್ತೆಯಿಲ್ಲ. ಸಮುದ್ರದಾಚೆ ಸಭೆ ಸೇರಿ ನಿರ್ಣಯ ಮಾಡಿದವರಿಗೆ ಘಟ್ಟವೆಂದರೆ ಏನೆಂಬುದು ಗೊತ್ತಿರಲಿಲ್ಲ. ಅಣಶಿಯನ್ನಾಗಲಿ ಅರಬೈಲನ್ನಾಗಲಿ ಒಮ್ಮೆ ಮಳೆಗಾಲದಲ್ಲಿ ಇಳಿದು ನೋಡಿದವರು ಅಂಥ ಭಾರವನ್ನು ಮೊದಲೇ ಹೊರಡಿಸುತ್ತಿರಲಿಲ್ಲ. ಹೇಗೂ ಸರಕಾರ ಎಚ್ಚತ್ತು ಕೆಲಸಕ್ಕಿಳಿಯಿತು. ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು, ಅರಬೈಲಿನ ದಾರಿ ಚಕ್ಕಡಿಗೆ ತಕ್ಕುದಾಯಿತು, ಬಂದರದ ಕಟ್ಟಡಗಳು ಎದ್ದುವು. ಹತ್ತಿಯನ್ನು ಕೊಂಡೊಯ್ಯಲು ರಾತ್ರಿಯಲ್ಲಿ ಬರುವ ಹಡಗು ಸಿಂಪಿಬಂಡೆಗೆ ಬಡಿಯಬಾರದೆಂದು ದೇವಗಡದ ನೆತ್ತಿಯ ಮೇಲೆ ದೀಪವೂ ಹತ್ತಿತು.

ನಮ್ಮ ಕಡೆಯ ದೇವಾಲಯಗಳ ಮುಂದೆ ಕಲ್ಲಿನ ದೀಪಮಾಲೆಯ ಕಂಬಗಳಿರುವುದು ಎಲ್ಲರಿಗೂ ಪರಿಚಿತ. ಅವುಗಳ ದೀಪಗಳು ಸುತ್ತಲೂ ಚೆಲ್ಲಿ, ಆಕಾಶಕ್ಕೂ ಅಂಗಳಕ್ಕೂ ಸಮನಾಗಿ ಹಂಚಿಹೋಗುತ್ತವೆ. ಅದು ಉತ್ಸವದ ಬೆಳಕಾದುದರಿಂದ ಅಲ್ಲಿ ದುಂದುವೆಚ್ಚವೇ ಶೋಭೆ. ನಾವಿಕನ ದೀಪವಾದರೋ ಜಿಪುಣನದು. ಆಕಾಶಕ್ಕೆ ಹೋದ ಕಿರಣದಿಂದ ಅವನಿಗೆ ಉಪಯೋಗವಿಲ್ಲ, ಬಂಡೆಯ ಬುಡಕ್ಕೆ ಬಿದ್ದುದರಿಂದಲೂ ಇಲ್ಲ. ಎಲ್ಲ ಬೆಳಕನ್ನೂ ಒಟ್ಟುಗೂಡಿಸಿ ಸಮುದ್ರದ ಮೇಲ್ಮೈಗೆ ಸಮಾನಾಂತರವಾಗಿ ದಿಗಂತದತ್ತ ಅಟ್ಟಿದಾಗಲೇ ಅದು ಸಾರ್ಥಕ. ಮೊದಲು ಬಾಗಿದ ಕನ್ನಡಿಗಳಿಂದ ಈ ಯತ್ನ ನಡೆಯುತ್ತಿದ್ದಿತು; ಕನ್ನಡಿಯಾದರೋ ತಾನೂ ಒಂದಷ್ಟು ಬೆಳಕನ್ನು ನುಂಗುತ್ತದೆ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ಎಂಬ ಯಂತ್ರಶಿಲ್ಪಿ, ಮೂವತ್ತೊಂಬತ್ತು ವರ್ಷಗಳಷ್ಟೇ ಬದುಕಿದ ರೋಗಪೀಡಿತ ಮೇಧಾವಿ, ಬೆಳಕು ಅಲೆಯಾಗಿ ಚಲಿಸುತ್ತದೆಂಬ ತನ್ನ ಗಣಿತದ ನಡುವೆಯೇ ಇದಕ್ಕೊಂದು ಉಪಾಯ ಕಂಡುಹಿಡಿದನು. ದೊಡ್ಡ ಮಸೂರವೊಂದು ಕಿರಣಗಳನ್ನು ಬಾಗಿಸುವುದು ತನ್ನ ಮೈಯ ಬಾಗಿನಿಂದಲೇ ಹೊರತು ನಡುವಿನ ದಪ್ಪ ಗಾಜಿನಿಂದಲ್ಲ. ಹಾಗಿದ್ದಮೇಲೆ ಆ ದಪ್ಪವನ್ನು ತೆಗೆದುಹಾಕಿ, ಬಾಗನ್ನು ಮಾತ್ರ ಉಳಿಸಿಕೊಂಡು, ಒಂದರೊಳಗೊಂದು ಕೂರುವ ಗಾಜಿನ ಬಳೆಗಳನ್ನಾಗಿ ಮಾಡಿದರೆ ಹಗುರವೂ ಆಯಿತು, ಬೆಳಕೂ ಉಳಿಯಿತು. 1823ರಲ್ಲಿ ಫ್ರಾನ್ಸಿನ ಕೋರ್ದುವಾನ್ ದೀಪಸ್ತಂಭದಲ್ಲಿ ಅಂಥ ಮಸೂರ ಮೊದಲು ಬೆಳಗಿತು. ಅನಂತರದ ಕೆಲವೇ ದಶಕಗಳಲ್ಲಿ ಪ್ರಪಂಚದ ಬಂಡೆಗಳ ಮೇಲೆಲ್ಲ ಈ ಗಾಜಿನ ಬಳೆಗಳು ಬಂದು ಕುಳಿತುವು. ಎಣ್ಣೆಯ ಬತ್ತಿಯೊಂದು ಹತ್ತಾರು ಮೈಲಿ ದೂರದ ಕಣ್ಣನ್ನು ಮುಟ್ಟುವಂತಾದುದು ಇದರಿಂದ.

ಆದರೆ ಎಷ್ಟೇ ಪ್ರಖರವಾದ ದೀಪವಾಗಲಿ, ಭೂಮಿಯ ಉರುಟನ್ನು ಮೀರಲಾರದು. ಮರಳಿನ ಮೇಲೆ ನಿಂತ ಮನುಷ್ಯನ ಕಣ್ಣಿಗೆ ದಿಗಂತ ಇರುವುದು ಸುಮಾರು ನಾಲ್ಕೂವರೆ ಕಿಲೋಮೀಟರುಗಳಾಚೆ. ಇನ್ನೂರು ಅಡಿ ಎತ್ತರದಲ್ಲಿಟ್ಟ ದೀಪ ಸುಮಾರು ಇಪ್ಪತ್ತೆಂಟು ಕಿಲೋಮೀಟರು ದೂರದ ನೀರನ್ನು ಮುಟ್ಟಬಲ್ಲದು. ಆದಕಾರಣವೇ ಗೋಪುರವನ್ನು ದಡದ ತಗ್ಗಿನಲ್ಲಿ ಎತ್ತರವಾಗಿ ಕಟ್ಟುವುದಕ್ಕಿಂತ ದ್ವೀಪದ ಗುಡ್ಡದ ಮೇಲೆ ಗಿಡ್ಡಾಗಿ ಕಟ್ಟುವುದು ಬುದ್ಧಿವಂತಿಕೆ, ಗುಡ್ಡವೇ ಅರ್ಧ ಗೋಪುರ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡುತ್ತ ಕುಳಿತಾಗ ನನಗೊಂದು ಚಾಪಲ್ಯ ಹುಟ್ಟಿತು. ನಮ್ಮ ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿದೆ; ಆ ಎತ್ತರದ ದೀಪಕ್ಕೆ ದಿಗಂತ ತೊಂಬತ್ತೆಂಟು ಕಿಲೋಮೀಟರು ದೂರ ಬರುತ್ತದೆ. ಹಕ್ಕಿ ಹಾರುವ ನೇರದಲ್ಲಿ ಅಳೆದರೆ ಸಮುದ್ರದ ದಂಡೆ ಇಲ್ಲಿಂದ ತೊಂಬತ್ತು ಕಿಲೋಮೀಟರಿನ ಒಳಗೇ ಇದೆ. ಎಂದಮೇಲೆ, ನಡುವೆ ಸಹ್ಯಾದ್ರಿಯ ಗೋಡೆ ನಿಲ್ಲದೆ ಹೋಗಿದ್ದರೆ, ನಮ್ಮ ಕೋಟೆಯ ಬುರುಜಿನ ಮೇಲೆ ಹಚ್ಚಿದ ದೀಪವನ್ನು ಗೋವೆಯ ಮೀನುಗಾರ ದೋಣಿಯಲ್ಲಿ ಕುಳಿತೇ ಕಾಣಬಹುದಾಗಿದ್ದಿತು! ಆ ಗೋಡೆ ಇಲ್ಲದಿದ್ದರೆ ಖಾನಾಪುರಕ್ಕೆ ಮಳೆಯೂ ಇರುತ್ತಿರಲಿಲ್ಲವಾದುದರಿಂದ ಇರುವ ವ್ಯವಸ್ಥೆಯೇ ಲೇಸೆಂದು ಲೇಖನಿಯನ್ನು ಕೆಳಗಿಟ್ಟೆ.

ಒಂದು ದೀಪವನ್ನು ಇನ್ನೊಂದರಿಂದ ಬೇರೆಯೆಂದು ನಾವಿಕ ಗುರುತಿಸುವುದು ಅದರ ಲಯದಿಂದ. ಕೆಲವು ದೀಪಗಳು ಎವೆಯಿಕ್ಕದೆ ಉರಿಯುತ್ತವೆ, ಕೆಲವು ಇಷ್ಟು ಕ್ಷಣಕ್ಕೊಮ್ಮೆಯೆಂದು ಮಿನುಗುತ್ತವೆ. ಯಾವ ಎರಡು ನೆರೆಯ ದೀಪಗಳಿಗೂ ಒಂದೇ ಲಯವಿರಕೂಡದು. ಹಡಗಿನ ಕಟ್ಟೆಯ ಮೇಲೆ ನಿಂತವನು ಗಡಿಯಾರ ಹಿಡಿದು ಎಣಿಸಿ, ದೀಪಗಳ ಪಟ್ಟಿಯನ್ನು ತೆರೆದು, ಇದು ದೇವಗಡ, ಇದು ಉಡುಪಿಯ ದಕ್ಷಿಣಕ್ಕಿರುವ, 1901ರಲ್ಲಿ ಕಟ್ಟಿದ ಕಾಪು, ಎಂದು ತಿಳಿದುಕೊಳ್ಳುತ್ತಾನೆ. ಮಿನುಗುವುದೆಂದರೆ ದೀಪ ಆರಿ ಹತ್ತುವುದೆಂದು ನಾವು ದಡದಲ್ಲಿ ನಿಂತು ಭಾವಿಸುತ್ತೇವೆ. ಹಳೆಯ ಸ್ತಂಭಗಳಲ್ಲಿ ಜ್ವಾಲೆ ಸ್ಥಿರವಾಗಿಯೇ ಇರುತ್ತಿದ್ದಿತು, ಸುತ್ತುತ್ತಿದ್ದುದು ಮಸೂರದ ಪಂಜರ. ಅದನ್ನು ಸುತ್ತಿಸಲು ಗಡಿಯಾರದಂಥ ಚಕ್ರಗಳು, ಚಕ್ರಗಳಿಗೆ ಗೋಪುರದೊಳಗೆ ಮೆಲ್ಲಗೆ ಇಳಿಯುವ ತೂಕದ ಗುಂಡು. ಗುಂಡು ತಳಮುಟ್ಟುವ ಮೊದಲೇ ಕಾವಲಿನವನು ಅದನ್ನು ಮತ್ತೆ ಮೇಲಕ್ಕೆ ಸುತ್ತಬೇಕು. ಎಣ್ಣೆ ಹೊತ್ತು ಮೆಟ್ಟಿಲು ಹತ್ತುವುದು, ಬತ್ತಿ ಕತ್ತರಿಸುವುದು, ಹೊಗೆ ಹಿಡಿದ ಗಾಜನ್ನು ಒರಸುವುದು, ಬೆಳಗಾದೊಡನೆ ಬಿಸಿಲು ಮಸೂರದ ಮೂಲಕ ಒಳನುಗ್ಗಿ ಬೆಂಕಿ ಹಚ್ಚದಂತೆ ಪರದೆ ಎಳೆಯುವುದು, ಇವೆಲ್ಲ ಅವನ ನಿತ್ಯಕರ್ಮ. ನಿದ್ದೆ ಹೋದರೆ ದೂರದ ಯಾವುದೋ ಹಡಗಿಗೆ ಅಪಾಯ; ಎಚ್ಚರವಾಗಿದ್ದರೆ, ಆ ಹಡಗಿನವರಿಗೆ ಅವನ ಹೆಸರೂ ಗೊತ್ತಾಗುವುದಿಲ್ಲ.

ದ್ವೀಪದ ದೀಪದ ಕಷ್ಟ ಇನ್ನೊಂದು ತೆರನಾದುದು. ಮುಂಗಾರು ಹಿಡಿದಂದಿನಿಂದ ನೂಲಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸುವವರೆಗೆ ಕರಾವಳಿಯ ಸಣ್ಣ ದೋಣಿಗಳು ದಡದಲ್ಲಿಯೇ ಕವುಚಿ ಮಲಗುವುದು ಅನೂಚಾನವಾಗಿ ಬಂದ ಪದ್ಧತಿ. ಆ ಎರಡು ಮೂರು ತಿಂಗಳು ನಡುಗಡ್ಡೆಯವನಿಗೆ ಊರು ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ಅಕ್ಕಿ, ಬೇಳೆ, ಉಪ್ಪಿನಕಾಯಿ, ಔಷಧ, ಎಲ್ಲವನ್ನೂ ಕಡಲು ಮುನಿಯುವ ಮೊದಲೇ ಕೂಡಿಟ್ಟುಕೊಳ್ಳಬೇಕು. ಕಾರವಾರದ ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರನ್ನು ನಾನು ಈ ಕುರಿತು ಕೇಳಿದಾಗ, ಅವರು ಕೊಂಕಣಿಯ ಬೆಡಗು ಬೆರೆತ ತಮ್ಮ ಕನ್ನಡದಲ್ಲಿ, ಮಳೆಗಾಲದ ಅಲೆ ದ್ವೀಪದ ಇಳಿದಾಣವನ್ನು ಮುಟ್ಟಗೊಡುವುದಿಲ್ಲವೆಂದೂ, ದೋಣಿಯನ್ನು ಬಂಡೆಗೆ ಒತ್ತುವುದು ಸುಲಭ, ಬಂಡೆಯಿಂದ ಬಿಡಿಸುವುದು ಕಷ್ಟವೆಂದೂ ಹೇಳಿ, ಮತ್ತೆ ತಮ್ಮ ಗಂಟಿನತ್ತ ಬಾಗಿದರು.

ಹತ್ತಿಯ ಮಾತಿಗೆ ಮರಳೋಣ. ಅಮೆರಿಕೆಯ ಯುದ್ಧ 1865ರಲ್ಲಿ ಮುಗಿಯಿತು, ಧಾರಣೆ ಇಳಿಯಿತು. ಆದರೂ ಕಾರವಾರದ ರೇವಿಗೆ ಚಕ್ಕಡಿಗಳು ಬರುವುದು ನಿಲ್ಲಲಿಲ್ಲ. ಆ ಊರಿನ ಆ ಕಾಲದ ನೆಮ್ಮದಿಯನ್ನು ಬಲ್ಲವರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರೂ ಒಬ್ಬರು. ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು, ಕಾಳಿಯಲ್ಲಿ ದೋಣಿವಿಹಾರ ಮಾಡಿ, ತಮ್ಮ ಮೊದಲ ನಾಟಕಗಳಲ್ಲೊಂದನ್ನು ಅಲ್ಲಿಯೇ ಬರೆದರು. ಕಾರವಾರಕ್ಕೆ ಹೊಡೆತ ಬಂದುದು ಕಡಲಿನಿಂದಲ್ಲ. ಘಟ್ಟದ ಮೇಲಿನಿಂದ, ಅದರಲ್ಲಿಯೂ ನಮ್ಮ ಖಾನಾಪುರ ತಾಲೂಕಿನಿಂದ. ಪೋರ್ತುಗೀಜರ ಮುರಗಾವ ಬಂದರಿನಿಂದ ಹೊರಟ ರೈಲುದಾರಿ ದೂಧಸಾಗರದ ಜಲಪಾತವನ್ನು ಸವರಿಕೊಂಡು ಬ್ರಗಾಂಜಾ ಘಟ್ಟವನ್ನು ಹತ್ತಿ 1888ರಲ್ಲಿ ಕ್ಯಾಸಲ್‌ರಾಕ್ ಮುಟ್ಟಿತು. ಅಲ್ಲಿಂದ ಈಚೆಗೆ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಅದನ್ನು ಎದುರುಗೊಂಡುವು, ಲೋಂಡಾದಲ್ಲಿ ಒಂದು ಕವಲು ಧಾರವಾಡ ಹುಬ್ಬಳ್ಳಿಗೆ, ಇನ್ನೊಂದು ಖಾನಾಪುರ ಬೆಳಗಾವಿಗೆ ಒಡೆಯಿತು. ಹುಲಿ ಕರಡಿಗಳ ಅಡವಿಯಾಗಿದ್ದ ಲೋಂಡಾ ಹೀಗೆ ಒಂದು ಜಂಕ್ಷನ್ನಾಯಿತು. ವಾರಗಟ್ಟಲೆ ಧೂಳು ತಿನ್ನುತ್ತಿದ್ದ ಅಂಡಿಗೆ ಮುಚ್ಚಿದ ವ್ಯಾಗನ್ನಿನಲ್ಲಿ ಕುಳಿತು ಬಂದರಿಗಿಳಿಯಬಹುದಾದಾಗ ಅರಬೈಲಿನ ಏರಿಳಿತಗಳನ್ನು ಯಾವ ಚಕ್ಕಡಿಯವನು ಬಯಸಿಯಾನು? ಕಾರವಾರದ ವ್ಯಾಪಾರ ಕೆಲವೇ ವರ್ಷಗಳಲ್ಲಿ ಬತ್ತಿತು. ವೆಂಗುರ್ಲೆಯ ಹಾದಿಯೂ ಮಂಕಾಯಿತು. ಯಾವ ಹತ್ತಿಗಾಗಿ ಜಿಲ್ಲೆಯ ಗಡಿಯನ್ನೇ ತಿದ್ದಿ ಬರೆದಿದ್ದರೋ ಆ ಹತ್ತಿ, ಹೊಸ ಗಡಿಯನ್ನೂ ಲೆಕ್ಕಿಸದೆ, ಪರರಾಜ್ಯದ ಬಂದರವೊಂದಕ್ಕೆ ಲೋಂಡಾದ ಮೇಲಿನಿಂದ ಹರಿದುಹೋಯಿತು.

ದೇವಗಡದ ದೀಪವನ್ನು ಆಗಲೂ ಯಾರೂ ಆರಿಸಲಿಲ್ಲ, ಆರಿಸುವುದು ಸಾಧ್ಯವೂ ಇರಲಿಲ್ಲ. ಗಿರಾಕಿ ಬಾರದಿದ್ದರೆ ಅಂಗಡಿಯನ್ನು ಮುಚ್ಚಬಹುದು. ದೀಪಸ್ತಂಭಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದು ಒಮ್ಮೆ ನಕ್ಷೆಯಲ್ಲಿ ಸೇರಿದ ಮೇಲೆ, ಕಾರವಾರಕ್ಕೆ ಬರುವ ಉದ್ದೇಶವೇ ಇಲ್ಲದೆ ಮುಂಬಯಿಯಿಂದ ಮಂಗಳೂರಿಗೋ ಕೊಲಂಬೊಗೋ ಹೋಗುವ ಹಡಗು ಕೂಡ ಅದನ್ನು ನಂಬಿ ದಾರಿ ಅಳೆಯುತ್ತದೆ. ಒಂದು ರಾತ್ರಿ ಅದು ಕಾಣದೆ ಹೋದರೆ, ದೀಪವೇ ಇಲ್ಲದಿದ್ದಾಗ ಆಗುವುದಕ್ಕಿಂತ ಹೆಚ್ಚಿನ ಅನರ್ಥವಾದೀತು. ಆಳುವವರು ಬದಲಾದರು, 1927ರಲ್ಲಿ ದೀಪಸ್ತಂಭಗಳಿಗೆಂದೇ ಒಂದು ಕಾಯಿದೆ ಬಂದಿತು, 2021ರಲ್ಲಿ ಅದರ ಸ್ಥಾನಕ್ಕೆ ಇನ್ನೊಂದು, ಹಡಗುಗಳು ಉಪಗ್ರಹವನ್ನು ಕೇಳಿ ನಡೆಯುವ ಕಾಲವೂ ಬಂದಿತು. ಹತ್ತಿಗೆಂದು ಹಚ್ಚಿದ ದೀಪ ಹತ್ತಿ ಹೋದ ಮೇಲೆ ಒಂದೂಕಾಲು ಶತಮಾನಕ್ಕೂ ಮಿಕ್ಕಿ ಉರಿದಿದೆ.

ಸುತ್ತಲಿನ ನೀರಿನಲ್ಲಿ ಮಾತ್ರ ಬಹಳಷ್ಟು ಬದಲಾಗಿದೆ. ದಕ್ಷಿಣಕ್ಕೆ ಕಾಣುವ ಅಂಜದೀವದಲ್ಲಿ, ಪೋರ್ತುಗೀಜರು ಕೊಟ್ಟ ಮುಂಬಯಿಯನ್ನು ವಶಪಡಿಸಿಕೊಳ್ಳಲು 1662ರಲ್ಲಿ ಬಂದು ಕಾದುಕುಳಿತ ಇಂಗ್ಲಿಷ್ ಸಿಪಾಯಿಗಳಲ್ಲಿ ಬಹುಪಾಲು ಮಂದಿ ರೋಗದಿಂದ ಸತ್ತರು. ಅದೇ ದ್ವೀಪದಲ್ಲಿ 1961ರ ಡಿಸೆಂಬರಿನಲ್ಲಿ, ಗೋವೆಯ ವಿಮೋಚನೆಯ ವೇಳೆ, ನಮ್ಮ ಏಳು ನಾವಿಕರು ಮಡಿದರು. ಇಂದು ಅದು ನೌಕಾನೆಲೆಯೊಳಗೆ ಸೇರಿದೆ. 2005ರಲ್ಲಿ ಸೇವೆಗೆ ತೊಡಗಿದ ಆ ನೆಲೆಗೆ ಕದಂಬವೆಂದು ಹೆಸರಿಟ್ಟಿದ್ದಾರೆ. ಇದನ್ನು ಓದಿದಾಗ ಖಾನಾಪುರದವರು ಕೊಂಚ ಎದೆಯುಬ್ಬಿಸಿದರೆ ತಪ್ಪಲ್ಲ. ಬನವಾಸಿಯ ಕದಂಬರು ತಮ್ಮ ಎರಡನೆಯ ರಾಜಧಾನಿಯಂತೆ ಬಾಳಿಸಿದ ಪಲಾಶಿಕೆ, ಅನಂತರ ಗೋವೆಯ ಕದಂಬರು ಪಲಸಿಗೆ ಹನ್ನೆರಡುಸಾಸಿರವೆಂದು ಆಳಿದ ನಾಡಿನ ಮುಖ್ಯಪಟ್ಟಣ, ಇಂದಿನ ನಮ್ಮ ಹಲಸಿಯೇ. ಗೋಪಕಪಟ್ಟಣದ ರೇವಿನಲ್ಲಿ ಹಡಗುಗಳನ್ನು ತೇಲಿಸಿದ ಆ ಅರಸರು ಭೂವರಾಹ ನರಸಿಂಹನ ಗುಡಿಯನ್ನು ಘಟ್ಟದ ಮೇಲಿನ ಹಲಸಿಯಲ್ಲಿ ಬೆಳೆಸಿದರು. ಭೂವರಾಹನೂ ನೀರಿನಿಂದ ನೆಲವನ್ನು ಎತ್ತಿ ತಂದವನಷ್ಟೆ.

ದೇವಗಡದ ನೆರೆಯ ಕೂರ್ಮಗಡದಲ್ಲಿಯೂ ನರಸಿಂಹನ ಗುಡಿಯೊಂದಿದೆ. ಪುಷ್ಯದ ಹುಣ್ಣಿಮೆಯ ಜಾತ್ರೆಗೆ ಜನ ದೋಣಿಗಳಲ್ಲಿ ಹೋಗುತ್ತಾರೆ. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಮಂದಿ ಜಲಸಮಾಧಿಯಾದರು. ಅದು ಹಗಲು. ಬಂಡೆಯನ್ನು ತೋರಿಸುವುದಕ್ಕೆ ದೀಪವಿದೆ, ತುಂಬಿದ ದೋಣಿಗೆ ಇನ್ನಿಬ್ಬರನ್ನು ಹತ್ತಿಸುವ ಕೈಯನ್ನು ಹಿಡಿಯುವುದಕ್ಕೆ ಯಾವ ಸ್ತಂಭವನ್ನೂ ಯಾರೂ ಕಟ್ಟಿಲ್ಲ.

ನಾನು ದೇವಗಡವನ್ನು ಕಂಡುದು ದಡದಿಂದಲೇ. ಸಂಜೆ ಮರಳಿನ ಮೇಲೆ ಕುಳಿತು, ಸೂರ್ಯ ಮುಳುಗಿ ದ್ವೀಪಗಳೆಲ್ಲ ಒಂದೇ ಕಪ್ಪಾಗಿ ಬೆರೆತ ಮೇಲೆ, ಅವುಗಳಲ್ಲೊಂದು ಬೆಳಕಾಗಿ ಉಳಿದವುಗಳಿಂದ ಬೇರೆಯಾದುದನ್ನು ನೋಡಿದೆ. ಮರುದಿನ ಕದ್ರಾದ ಮೇಲಿಂದ ಅಣಶಿಯನ್ನು ಹತ್ತಿ, ಜೋಯಿಡಾ ರಾಮನಗರಗಳನ್ನು ದಾಟಿ ಲೋಂಡಾಕ್ಕೆ ಬರುವಾಗ ಮಳೆ ಹಿಡಿದಿದ್ದಿತು. ಹೊಳೆ ಕೆಂಪಗೆ ತುಂಬಿ ನಾನು ಬಂದ ದಿಕ್ಕಿಗೇ ಹೊರಟಿದ್ದಿತು; ಸೂಪಾದ ಅಣೆಕಟ್ಟಿನಲ್ಲಿ ತಂಗಿ, ನಾಗಝರಿಯಲ್ಲಿ ವಿದ್ಯುತ್ತಿನ ಚಕ್ರ ತಿರುಗಿಸಿ, ಕೊಡಸಳ್ಳಿ ಕದ್ರಾಗಳಲ್ಲಿ ಮತ್ತೆರಡು ಸಲ ಅದೇ ಕೂಲಿ ಮಾಡಿ, ಕಡೆಗೆ ದೇವಗಡದ ಮುಂದೆ ಉಪ್ಪಾಗಲು. ನಿಲ್ದಾಣದ ಹೊರಗಿನ ಚಹಾದ ಅಂಗಡಿಯಲ್ಲಿ ನಿಂತೆ. ಮುರಗಾವದಿಂದ ಕಲ್ಲಿದ್ದಲು ಹೊತ್ತ ವ್ಯಾಗನ್ನುಗಳು, ಹಿಂದೊಮ್ಮೆ ಹತ್ತಿ ಇಳಿದುಹೋದ ದಾರಿಯಲ್ಲಿ, ಏದುಸಿರು ಬಿಡುತ್ತ ಮೇಲಕ್ಕೆ ಬರುತ್ತಿದ್ದುವು.

“ಎಲ್ಲಿಂದ ಬಂದ್ರಿ ಸಾಹೇಬ್ರ?” ಎಂದು ಅಂಗಡಿಯವನು ಕೇಳಿದ.

“ಕಾರವಾರದಿಂದ.”

“ಮೀನ ತಂದೀರೇನ್ರಿ?”

“ಇಲ್ಲಪಾ, ದೀಪ ನೋಡಾಕ ಹೋಗಿದ್ದೆ.”

ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಮಳೆಗೆ ಆಗಲೇ ಎರಡು ಸಲ ಕಣ್ಣು ಮುಚ್ಚಿ ತೆರೆದಿದ್ದ ತನ್ನ ಅಂಗಡಿಯ ಬಲ್ಬಿನತ್ತ ಒಮ್ಮೆ ನೋಡಿ, “ಸಕ್ಕರಿ ಹಾಕಲ್ರ್ಯಾ?” ಎಂದು ಕೇಳಿದ.